ಕೊಟ್ಟಿಗೆಯಲ್ಲಿ ಫೋನ್ ಸಿಗುತ್ತದೆಯೇ? ನೆಟ್‌ವರ್ಕ್ ಅಳೆಯುವ ಸರಿಯಾದ ಕ್ರಮ



ಕೆಚ್ಚಲು ಬಾವು, ಹಸಿರು ಮೇವು, ಕರುಗಳ ಪಾಲನೆ ಇತ್ಯಾದಿ ವಿಷಯಗಳನ್ನು ಈ ಪುಟದಲ್ಲಿ ಓದುತ್ತಾ ಬಂದಿದ್ದೀರಿ. ಈ ಸಂಚಿಕೆಯ ಪಾಠ ಮೊಬೈಲ್ ನೆಟ್‌ವರ್ಕ್ ಕುರಿತು. ಪಶುವೈದ್ಯರಿಗೂ ಟವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಇವತ್ತು ರಾಸಿನ ಚಿಕಿತ್ಸೆ ಸಿರಿಂಜಿನಿಂದ ಶುರುವಾಗುವುದಿಲ್ಲ, ನೀವು ಮಾಡುವ ಫೋನ್ ಕರೆಯಿಂದ ಶುರುವಾಗುತ್ತದೆ.

ಬೆದೆಯ ವಿಷಯವನ್ನೇ ತೆಗೆದುಕೊಳ್ಳಿ. ಹಸು ಬೆದೆಯಲ್ಲಿರುವುದು ಸಾಮಾನ್ಯವಾಗಿ 12ರಿಂದ 18 ಗಂಟೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂಬುದು ನಿಮಗೆ ಗೊತ್ತು. ಆ ಹೊತ್ತಿನಲ್ಲಿ ಕಾರ್ಯಕರ್ತರಿಗೆ ಕರೆ ಹೋಗದಿದ್ದರೆ ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕು. ಆ 21 ದಿನ ಮೇವು, ಹಿಂಡಿ, ಆಳಿನ ಖರ್ಚು ಎಲ್ಲವೂ ನಿಮ್ಮ ತಲೆಯ ಮೇಲೆ. ಇನ್ನು ಕರು ಹಾಕಿದ ಎರಡು ಮೂರು ದಿನದೊಳಗೆ ಹಸು ಹಾಲು ಜ್ವರದಿಂದ ನೆಲ ಹಿಡಿದರೆ, ಹೊಟ್ಟೆಯುಬ್ಬರ ಬಂದು ಎಡಗಡೆ ಪಕ್ಕೆ ಡೋಲಿನಂತಾದರೆ, ಕರು ಅಡ್ಡ ಬಂದು ಸಿಕ್ಕಿಕೊಂಡರೆ, ಅಲ್ಲಿ ಲೆಕ್ಕ ದಿನದ್ದಲ್ಲ, ಗಂಟೆಯದ್ದು. ಆಗ ನಮಗಾಗಲಿ, 1962 ಸಂಖ್ಯೆಯ ಸಂಚಾರಿ ಪಶುಚಿಕಿತ್ಸಾ ಘಟಕಕ್ಕಾಗಲಿ ಕರೆ ಹೋಗಲೇಬೇಕು.

ಹಳ್ಳಿಗಳಿಗೆ ಹೋದಾಗ ನಾವು ಕೇಳುವ ಮಾತುಗಳು ಮಾತ್ರ ಬೇರೆ ಬೇರೆ. "ಆ ಕಂಪನಿ ಸಿಮ್ ದಂಡ ಸಾರ್, ಟವರೇ ಇಲ್ಲ" ಎಂದು ಒಬ್ಬರು ಹೇಳುತ್ತಾರೆ. ಎರಡು ಮನೆ ಆಚೆ ಇರುವವರು "ಅದೇ ಸಿಮ್ ನಮಗೆ ಚೆನ್ನಾಗಿ ಸಿಗ್ತದೆ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಅಳೆಯದೆ ಹೇಳುತ್ತಿದ್ದಾರೆ, ಅಷ್ಟೆ. ಹಾಲನ್ನು ಕಣ್ಣಳತೆಯಲ್ಲಿ ಕೊಳ್ಳುವ ಕಾಲ ಹೋಯಿತು. ನೆಟ್‌ವರ್ಕನ್ನೂ ಹಾಗೆ ಕೊಳ್ಳಬೇಕಾಗಿಲ್ಲ.

ಹಾಲಿನ ಪರೀಕ್ಷೆಯ ನಿಯಮವೇ ಇಲ್ಲಿಗೂ

ಸಂಘದಲ್ಲಿ ನಿಮ್ಮ ಹಾಲಿನ ಮಾದರಿ ತೆಗೆಯುವ ಮೊದಲು ಪರೀಕ್ಷಕರು ಏನು ಮಾಡುತ್ತಾರೆ? ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕುತ್ತಾರೆ. ಕಲಕದೆ ಮೇಲಿನ ಹಾಲು ತೆಗೆದರೆ ಜಿಡ್ಡು ಹೆಚ್ಚು ಬರುತ್ತದೆ, ತಳದ್ದು ತೆಗೆದರೆ ಕಡಿಮೆ. ಎರಡೂ ಆ ಹಾಲಿನ ನಿಜವಾದ ಜಿಡ್ಡಲ್ಲ.

ನೆಟ್‌ವರ್ಕ್ ವಿಷಯದಲ್ಲೂ ಹೀಗೆಯೇ. ಜಗಲಿಯಲ್ಲಿ ಕೂತು ಒಂದು ಸಲ ಫೋನ್ ನೋಡಿ "ಚೆನ್ನಾಗಿದೆ" ಎನ್ನುವುದು ಮೇಲಿನ ಕೆನೆ ತೆಗೆದಂತೆ. ಮಳೆ ಬಂದು ಕರೆಂಟ್ ಹೋದ ರಾತ್ರಿ ಕರೆ ಹೋಗಲಿಲ್ಲವೆಂದು "ದಂಡ" ಎನ್ನುವುದು ತಳದ ಹಾಲು ತೆಗೆದಂತೆ. ಬೇರೆ ಬೇರೆ ಜಾಗ, ಹೊತ್ತು, ದಿನಗಳ ಲೆಕ್ಕ ಸೇರಿದಾಗ ಮಾತ್ರ ಕಲಕಿದ ಹಾಲಿನ ಮಾದರಿ ಸಿಕ್ಕಂತೆ.

ಮೂರು ಬೇರೆ ಬೇರೆ ಪ್ರಶ್ನೆಗಳು

"ನೆಟ್‌ವರ್ಕ್ ಸರಿಯಿಲ್ಲ" ಎಂಬ ಒಂದೇ ಮಾತಿನಲ್ಲಿ ಮೂರು ಸಂಗತಿಗಳು ಬೆರೆತಿರುತ್ತವೆ. ಅವನ್ನು ಬೇರೆ ಮಾಡಿಕೊಳ್ಳಿ.

ಒಂದು, ವ್ಯಾಪ್ತಿ. ನೀವು ನಿಂತ ಜಾಗಕ್ಕೆ ಆ ಕಂಪನಿಯ ಸಿಗ್ನಲ್ ಬರುತ್ತದೆಯೋ ಇಲ್ಲವೋ ಎಂಬುದು. ಫೋನಿನಲ್ಲಿ "ತುರ್ತು ಕರೆ ಮಾತ್ರ" ಎಂದು ಬಂದರೆ ಸಾಮಾನ್ಯವಾಗಿ ಅದರ ಅರ್ಥ ಇಷ್ಟು: ನಿಮ್ಮ ಕಂಪನಿಯ ಸಿಗ್ನಲ್ ಅಲ್ಲಿಲ್ಲ, ಬೇರೊಂದು ಕಂಪನಿಯದು ಇದೆ. ಇದು ಉಪಯುಕ್ತ ಸುಳಿವು.

ಎರಡು, ಬಲ. ಸಿಗ್ನಲ್ ಬರುತ್ತದೆ ಸರಿ, ಎಷ್ಟು ಗಟ್ಟಿಯಾಗಿ ಬರುತ್ತದೆ ಎಂಬುದು. ಕಲ್ಲಿನ ಗೋಡೆ, ಕಾಂಕ್ರೀಟ್ ತಾರಸಿ, ತಗಡಿನ ಛಾವಣಿ, ಮಳೆಗೆ ನೆನೆದ ದಟ್ಟ ತೋಟ, ನಡುವೆ ಬರುವ ಗುಡ್ಡ ಇವೆಲ್ಲ ಸಿಗ್ನಲ್‌ನ ಬಲವನ್ನು ಕುಗ್ಗಿಸುತ್ತವೆ. ಅಂಗಳದಲ್ಲಿ ಸಿಗುವ ಫೋನು ತಗಡು ಹೊದಿಸಿದ ಕೊಟ್ಟಿಗೆಯಲ್ಲಿ ಸಿಗದಿರಲು ಮುಖ್ಯ ಕಾರಣ ಇದೇ.

ಮೂರು, ದಟ್ಟಣೆ. ಸಿಗ್ನಲ್ ಗಟ್ಟಿಯಾಗಿಯೇ ಇದೆ, ಆದರೆ ಒಂದೇ ಟವರಿನ ಮೇಲೆ ಒಮ್ಮೆಗೇ ಬಹಳ ಜನ ಬಿದ್ದಿದ್ದಾರೆ. ಜಾತ್ರೆಯ ದಿನ ಕಡ್ಡಿ ಪೂರ್ತಿ ಇದ್ದರೂ ಫೋಟೋ ಹೋಗುವುದಿಲ್ಲ. ದಿನನಿತ್ಯ ರಾತ್ರಿ ಊಟದ ಹೊತ್ತಿಗೆ ಎಲ್ಲರೂ ವಿಡಿಯೋ ನೋಡುವಾಗ ಆಗುವುದೂ ಇದೇ.

ಹಾಲಿನಲ್ಲಿ ಅಳತೆ ಬೇರೆ, ಜಿಡ್ಡಿನಂಶ ಬೇರೆ, ಜಿಡ್ಡೇತರ ಘನಾಂಶ ಬೇರೆ. ಒಂದು ಚೆನ್ನಾಗಿದ್ದರೆ ಇನ್ನೊಂದೂ ಚೆನ್ನಾಗಿರಬೇಕೆಂದಿಲ್ಲ. ಇಲ್ಲಿಯೂ ಹಾಗೆಯೇ. ಯಾವುದರಲ್ಲಿ ದೋಷ ಎಂದು ತಿಳಿದರೆ ಮಾತ್ರ ಪರಿಹಾರ ಸಿಗುತ್ತದೆ. ವ್ಯಾಪ್ತಿಯೇ ಇಲ್ಲದ ಕಡೆ ಹೊಸ ಫೋನ್ ತಂದರೂ ಪ್ರಯೋಜನವಿಲ್ಲ. ದಟ್ಟಣೆಯ ತೊಂದರೆಗೆ ಫೋನನ್ನು ಮಾಡಿನ ಮೇಲೆ ಇಟ್ಟರೂ ಪ್ರಯೋಜನವಿಲ್ಲ.

ಕಡ್ಡಿ ನೋಡಿ ಹೇಳಬೇಡಿ

ಹಸುವಿನ ಕಿವಿ ಮುಟ್ಟಿ ಜ್ವರ ಇದೆ ಎನ್ನುವವರಿದ್ದಾರೆ. ನಾವು ಥರ್ಮಾಮೀಟರ್ ಇಟ್ಟು 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿದೆಯೇ ಎಂದು ನೋಡುತ್ತೇವೆ. ಫೋನಿನ ಮೇಲ್ತುದಿಯಲ್ಲಿ ಕಾಣುವ ಕಡ್ಡಿಗಳು ಕಿವಿ ಮುಟ್ಟಿ ನೋಡಿದಂತೆ. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದಕ್ಕೆ ಎಲ್ಲ ಫೋನ್ ತಯಾರಕರಿಗೂ ಒಂದೇ ಅಳತೆ ಇಲ್ಲ. ಒಂದು ಫೋನಿನ ಮೂರು ಕಡ್ಡಿ ಇನ್ನೊಂದರ ಎರಡು ಕಡ್ಡಿಗೆ ಸಮ ಇರಬಹುದು.

ಥರ್ಮಾಮೀಟರೂ ಫೋನಿನೊಳಗೇ ಇದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ತೆರೆದು, ಅಬೌಟ್ ಫೋನ್ ಒತ್ತಿ, ಸಿಮ್ ಸ್ಟೇಟಸ್ ನೋಡಿದರೆ ಸಿಗ್ನಲ್ ಸ್ಟ್ರೆಂತ್ ಎಂಬಲ್ಲಿ ಒಂದು ಅಂಕಿ ಕಾಣುತ್ತದೆ. ಅದರ ಅಳತೆಯ ಹೆಸರು ಡಿಬಿಎಂ. ಕೆಲವು ಫೋನುಗಳಲ್ಲಿ ದಾರಿ ಸ್ವಲ್ಪ ಬೇರೆ ಇರಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಹುಡುಕಿ ಕೊಡುತ್ತಾರೆ.

ಈ ಅಂಕಿಯ ಹಿಂದೆ ಋಣ ಚಿಹ್ನೆ ಇರುತ್ತದೆ. ಅದನ್ನು ಸಾಲದ ಲೆಕ್ಕದಂತೆ ಓದಿ. 75 ರೂಪಾಯಿ ಸಾಲ 110 ರೂಪಾಯಿ ಸಾಲಕ್ಕಿಂತ ವಾಸಿ. ಹಾಗೆಯೇ −75 ಎಂಬುದು −110ಕ್ಕಿಂತ ಒಳ್ಳೆಯ ಸಿಗ್ನಲ್. 4ಜಿಯಲ್ಲಿ ಸ್ಥೂಲವಾಗಿ ಹೀಗೆ ನೆನಪಿಡಿ:

−90 ಅಥವಾ ಅದಕ್ಕಿಂತ ಕಡಿಮೆ "ಸಾಲ" ಇದ್ದರೆ ಒಳ್ಳೆಯದು.
−90ರಿಂದ −105ರವರೆಗೆ ಸಾಧಾರಣ, ಕರೆಗೆ ಸಾಕು.
−105ರಿಂದ −115ರವರೆಗೆ ದುರ್ಬಲ, ಗೋಡೆ ಅಡ್ಡ ಬಂದರೆ ಕಷ್ಟ.
−120ರ ಹತ್ತಿರ ಬಂದರೆ ಇದ್ದೂ ಇಲ್ಲದಂತೆ.

10 ಅಂಕಿ ಕೆಳಗಿಳಿದರೆ ಸಿಗ್ನಲಿನ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಅಂಗಳದಲ್ಲಿ −95, ಕೊಟ್ಟಿಗೆಯಲ್ಲಿ −115 ಎಂದು ಬಂದರೆ ಅದು ಸಣ್ಣ ವ್ಯತ್ಯಾಸವಲ್ಲ. ತಗಡು, ಗೋಡೆ ಸೇರಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ತಿಂದುಹಾಕಿವೆ ಎಂದರ್ಥ.

ತಪ್ಪು ಫೋನಿನದೋ, ಕಂಪನಿಯದೋ?

ಹೋಲಿಕೆ ನ್ಯಾಯವಾಗಿ ಇರಬೇಕಾದರೆ ಹೋಲಿಸುವ ಒಂದು ವಿಷಯ ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿರಬೇಕು. ಎರಡು ಬಗೆಯ ಹಿಂಡಿ ಹೋಲಿಸುವಾಗ ಒಂದನ್ನು ಹೊಸದಾಗಿ ಕರು ಹಾಕಿದ ಹಸುವಿಗೂ ಇನ್ನೊಂದನ್ನು ಎಂಟು ತಿಂಗಳ ಗಬ್ಬದ ಹಸುವಿಗೂ ಹಾಕಿ ಹಾಲು ಅಳೆದರೆ ಅದು ಹಿಂಡಿಯ ಪರೀಕ್ಷೆಯಾಗುವುದಿಲ್ಲ. ಪಕ್ಕದ ಮನೆಯವರ ಹೊಸ ಫೋನಿನಲ್ಲಿರುವ ಒಂದು ಕಂಪನಿಯ ಸಿಮ್ಮನ್ನು ನಿಮ್ಮ ಆರು ವರ್ಷ ಹಳೆಯ ಫೋನಿನಲ್ಲಿರುವ ಇನ್ನೊಂದು ಕಂಪನಿಯ ಸಿಮ್ಮಿನ ಜೊತೆ ಹೋಲಿಸಿದರೂ ಹಾಗೆಯೇ. ನೀವು ಹೋಲಿಸಿದ್ದು ಫೋನುಗಳನ್ನು, ಕಂಪನಿಗಳನ್ನಲ್ಲ.

ಕಂಪನಿಯನ್ನು ದೂರುವ ಮೊದಲು ಇವನ್ನು ನೋಡಿಕೊಳ್ಳಿ.

ಫೋನಿಗೆ ಆ ತರಂಗ ಹಿಡಿಯಲು ಬರುತ್ತದೆಯೇ? ಟವರುಗಳು ಬೇರೆ ಬೇರೆ ತರಂಗಾಂತರಗಳಲ್ಲಿ ಕೆಲಸ ಮಾಡುತ್ತವೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 2300, 3300 ಮೆಗಾಹರ್ಟ್ಸ್‌ನಂಥ ಮೇಲಿನವು ಹೆಚ್ಚು ಡೇಟಾ ಹೊರುತ್ತವೆ, ಆದರೆ ದೂರ ಹೋಗುವುದಿಲ್ಲ. ಬಿಎಸ್‌ಎನ್‌ಎಲ್ ತನ್ನ 4ಜಿಗೆ 700 ಮತ್ತು 2100 ಮೆಗಾಹರ್ಟ್ಸ್ ಬಳಸುತ್ತದೆ. ಹಳೆಯ ಕೆಲವು ಫೋನುಗಳಿಗೆ 700ರ ತರಂಗ ಹಿಡಿಯಲು ಬರುವುದಿಲ್ಲ. ಅಂಥ ಫೋನ್ ಹಿಡಿದು "4ಜಿ ಇಲ್ಲ" ಎಂದರೆ ತಪ್ಪು ಫೋನಿನದು.

ಕರೆಯ ಬಗೆ ಸರಿಯಿದೆಯೇ? 2016ರಲ್ಲಿ ಸೇವೆ ಶುರು ಮಾಡಿದ ಜಿಯೋಗೆ 2ಜಿ ಇಲ್ಲ. ಅದರ ಕರೆ 4ಜಿ ಅಥವಾ 5ಜಿಯ ಮೂಲಕವೇ ಹೋಗಬೇಕು. 2ಜಿಯ ಹಳೆಯ ಬಟನ್ ಫೋನಿಗೆ ಆ ಸಿಮ್ ಹಾಕಿದರೆ ಕೆಲಸ ಮಾಡದು. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಇನ್ನೂ 2ಜಿ ಇಟ್ಟುಕೊಂಡಿವೆ. ಸ್ಮಾರ್ಟ್ ಫೋನಿನಲ್ಲಿ ವೋಲ್ಟಿ ಎಂಬ ಆಯ್ಕೆ ಚಾಲೂ ಇದೆಯೇ ನೋಡಿ.

ಡೇಟಾ ಮುಗಿದಿದೆಯೇ? ದಿನದ ಪಾಲು ಮುಗಿದ ಮೇಲೆ ಹೆಚ್ಚಿನ ಪ್ಯಾಕುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕೆಂದು 2023ರಿಂದ ನಿಯಮವಿದೆ. 64 ಎಂಬುದು ಅದರ ಮೂವತ್ತನೇ ಒಂದು ಪಾಲಷ್ಟೆ. ಅದು ಟವರಿನ ದೋಷವಲ್ಲ.

ಆ ಬದಿಯವರ ಫೋನ್ ಹೇಗಿದೆ? ಕರೆಗೆ ಎರಡು ತುದಿ. ನಾವು ಪಶುವೈದ್ಯರೂ ದಿನವಿಡೀ ಊರೂರು ತಿರುಗುವವರು. "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದು ನಿಮಗೆ ಕೇಳಿಸಿದರೆ ಹೊರಗಿರುವುದು ನಾವು, ನೀವಲ್ಲ. ಅಂಥ ಕರೆಯನ್ನು ನಿಮ್ಮ ಕಂಪನಿಯ ಲೆಕ್ಕಕ್ಕೆ ಹಾಕಬೇಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ.

ಹದಿನಾಲ್ಕು ದಿನದ ಪರೀಕ್ಷೆ

ಈಗ ಮುಖ್ಯ ಪಾಠಕ್ಕೆ ಬರೋಣ. ಬೇಕಾಗುವುದು ಎರಡು ಸಿಮ್ ಹಿಡಿಯುವ ಒಂದು ಫೋನ್, ಒಂದು ನೋಟ್‌ಬುಕ್, ಒಂದು ಪೆನ್ನು.

1. ನೀವು ಹೋಲಿಸಬೇಕಾದ ಎರಡು ಕಂಪನಿಗಳ ಸಿಮ್ಮುಗಳನ್ನು ಒಂದೇ ಫೋನಿಗೆ ಹಾಕಿ. ಎರಡನೆಯದು ಇಲ್ಲದಿದ್ದರೆ ಮೊದಲು ಅಕ್ಕಪಕ್ಕದವರನ್ನು ಒಂದು ಸಂಜೆ ಕೊಟ್ಟಿಗೆಗೆ ಕರೆದು ಅವರವರ ಫೋನಿನಲ್ಲಿ ಏನು ಬರುತ್ತದೆ ನೋಡಿ. ಭರವಸೆ ಕಂಡ ಕಂಪನಿಯ ಸಿಮ್ಮನ್ನು 28 ದಿನದ ಸಣ್ಣ ರೀಚಾರ್ಜ್ ಹಾಕಿಸಿ ತನ್ನಿ. ಬೇರೆಯವರ ಸಿಮ್ ಎರವಲು ತರಬೇಡಿ, ಅವರ ಬ್ಯಾಂಕಿನ ಒಟಿಪಿ ಅದರಲ್ಲೇ ಬರುತ್ತದೆ.

2. ಕರೆ ಮಾಡಲು ಒಬ್ಬರೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಅವರು ಪಟ್ಟಣದಲ್ಲಿ, ಒಳ್ಳೆಯ ಸಿಗ್ನಲ್ ಇರುವ ಜಾಗದಲ್ಲಿರಬೇಕು. ಬೆಳಗಿನ ಜಾವ ಏಳುವ ನೆಂಟರಾದರೆ ಉತ್ತಮ. ಮೊದಲೇ ಒಪ್ಪಿಸಿಕೊಳ್ಳಿ. ಹದಿನಾಲ್ಕು ದಿನದ ತೊಂದರೆಗೆ ಕೊನೆಯಲ್ಲಿ ಅರ್ಧ ಕೇಜಿ ತುಪ್ಪ ಕೊಟ್ಟರಾಯಿತು.

3. ದಿನಕ್ಕೆ ಮೂರು ಹೊತ್ತು, ಅಂದರೆ ಬೆಳಿಗ್ಗೆ ಹಾಲು ಕರೆಯುವಾಗ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ಕೊಟ್ಟಿಗೆಯೊಳಗೆ ಹಸುಗಳನ್ನು ಕಟ್ಟುವ ಜಾಗದಲ್ಲೇ ನಿಂತು ಪ್ರತಿ ಸಿಮ್ಮಿನಿಂದ ಒಂದೊಂದು ಕರೆ ಮಾಡಿ. ರಾತ್ರಿ ಮಾತ್ರ ಅಂಗಳದಲ್ಲೂ ಒಂದೊಂದು ಕರೆ ಮಾಡಿ.

4. ಕರೆ ತಕ್ಷಣ ಹೋಗಿ, ಒಂದು ನಿಮಿಷ ಕಡಿಯದೆ ನಡೆದು, ಎರಡೂ ಬದಿಗೆ ಮಾತು ಅರ್ಥವಾದರೆ "ಸರಿ" ಎಂದು ಬರೆಯಿರಿ. ಇಲ್ಲವಾದರೆ "ಇಲ್ಲ". ಮೊದಲ ಪ್ರಯತ್ನ ಮಾತ್ರ ಲೆಕ್ಕಕ್ಕೆ. ಮೂರನೇ ಸಲ ಹೋಯಿತೆಂದು "ಸರಿ" ಬರೆಯಬೇಡಿ.

5. ಪಕ್ಕದಲ್ಲಿ ಡಿಬಿಎಂ ಅಂಕಿ, ಆಗ ಕರೆಂಟ್ ಇತ್ತೇ ಇಲ್ಲವೇ, ಮಳೆ ಇತ್ತೇ ಎಂಬುದನ್ನು ಬರೆಯಿರಿ.

6. ರಾತ್ರಿಯ ಹೊತ್ತಿನಲ್ಲಿ ಆ ನೆಂಟರಿಂದ ಒಮ್ಮೆ ನಿಮಗೆ ಕರೆ ಮಾಡಿಸಿಕೊಳ್ಳಿ. ನಿಮ್ಮ ಕರೆ ಹೋಗುವುದು ಎಷ್ಟು ಮುಖ್ಯವೋ, "ದಾರಿ ಯಾವುದು?" ಎಂದು ಕೇಳಲು ಡಾಕ್ಟರು ಮಾಡುವ ಕರೆ ನಿಮಗೆ ಬರುವುದೂ ಅಷ್ಟೇ ಮುಖ್ಯ.

7. ಎರಡು ದಿನಕ್ಕೊಮ್ಮೆ ರಾತ್ರಿ ಒಂದು ಫೋಟೋ ಕಳಿಸಿ, ಎಷ್ಟು ಹೊತ್ತು ಹಿಡಿಯಿತು ಬರೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊರತಂದ ಮೈಸ್ಪೀಡ್ ಎಂಬ ಉಚಿತ ಆ್ಯಪ್ ಇದೆ, ಅದರಲ್ಲೂ ವೇಗ ನೋಡಬಹುದು. ಎರಡೂ ಸಿಮ್ಮಿಗೆ ಒಂದೇ ಹೊತ್ತಿನಲ್ಲಿ ನೋಡಿ.

ಇಲ್ಲಿ ಒಂದು ಎಚ್ಚರಿಕೆ. ಕೋಪ ಬಂದ ದಿನ ಮಾತ್ರ ಬರೆಯಬೇಡಿ. ಕರೆ ಸರಿಯಾಗಿ ಹೋದ ಮೂವತ್ತು ಸಲ ನಮಗೆ ನೆನಪಿರುವುದಿಲ್ಲ, ಹೋಗದ ಒಂದು ಸಲ ವರ್ಷಗಟ್ಟಲೆ ನೆನಪಿರುತ್ತದೆ. ಪುಸ್ತಕದಲ್ಲಿ ಎರಡಕ್ಕೂ ಒಂದೊಂದು ಸಾಲು ಇರಲಿ.

ಲೆಕ್ಕ ಓದುವುದು ಹೇಗೆ?

ತಿಳಿಯಲು ಒಂದು ಊಹೆಯ ಉದಾಹರಣೆ ಕೊಡುತ್ತೇನೆ. ಕಂಪನಿಗಳನ್ನು "ಕ" ಮತ್ತು "ಖ" ಎನ್ನೋಣ. ಹದಿನಾಲ್ಕು ದಿನದ ಕೊನೆಗೆ ಹೀಗೆ ಬಂತು:

ಅಂಗಳದಲ್ಲಿ 14 ಕರೆಗಳಲ್ಲಿ ಸರಿ ಹೋದದ್ದು: ಕ 14, ಖ 13.
ಕೊಟ್ಟಿಗೆಯಲ್ಲಿ 42 ಕರೆಗಳಲ್ಲಿ ಸರಿ ಹೋದದ್ದು: ಕ 24, ಖ 36.
ಆ 42ರ ಪೈಕಿ ಕರೆಂಟ್ ಇಲ್ಲದಾಗ ಮಾಡಿದ 8 ಕರೆಗಳಲ್ಲಿ ಸರಿ ಹೋದದ್ದು: ಕ 1, ಖ 6.

ಅಂಗಳದ ಲೆಕ್ಕ ಮಾತ್ರ ನೋಡಿದರೆ "ಕ" ಮೇಲು ಎನ್ನಿಸುತ್ತದೆ. ಆದರೆ 14ಕ್ಕೂ 13ಕ್ಕೂ ಇರುವ ಒಂದು ಕರೆಯ ಅಂತರ ಅಂತರವೇ ಅಲ್ಲ. ಮುಂದಿನ ವಾರ ಅದು ತಿರುಗಿ ಬೀಳಬಹುದು. ಕೊಟ್ಟಿಗೆಯಲ್ಲಿ 24ಕ್ಕೂ 36ಕ್ಕೂ 12 ಕರೆಗಳ ಅಂತರವಿದೆ. ಅದು ಆಕಸ್ಮಿಕವಲ್ಲ. ಕರೆಂಟ್ ಇಲ್ಲದಾಗಿನ ಸಾಲು ಇನ್ನೂ ಒಂದು ಮಾತು ಹೇಳುತ್ತದೆ. ಟವರಿಗೂ ವಿದ್ಯುತ್ ಬೇಕು. ಕರೆಂಟ್ ಹೋದರೆ ಬ್ಯಾಟರಿ, ಅದು ಮುಗಿದರೆ ಜನರೇಟರ್. ಬ್ಯಾಟರಿ ಸೋತು ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಟವರು ಸುಮ್ಮನಾಗುತ್ತದೆ. "ಕ" ಕಂಪನಿಯ ತೊಂದರೆಯ ಒಂದು ಭಾಗ ಅಲ್ಲಿದೆ. ಹೀಗೆ ತಿಳಿದರೆ ದೂರು ಕೊಡುವಾಗ "ನೆಟ್‌ವರ್ಕ್ ಇಲ್ಲ" ಎನ್ನುವ ಬದಲು "ಕರೆಂಟ್ ಹೋದ ಮೇಲೆ ಟವರು ನಿಲ್ಲುತ್ತದೆ" ಎನ್ನಬಹುದು. ಆ ದೂರಿಗೆ ತೂಕ ಹೆಚ್ಚು.

ಈ ಹೈನುಗಾರರಿಗೆ "ಖ" ಒಳ್ಳೆಯದು. ಆದರೆ "ಖ ಒಳ್ಳೆಯ ಕಂಪನಿ, ಕ ಕೆಟ್ಟ ಕಂಪನಿ" ಎಂದು ಊರೆಲ್ಲ ಸಾರುವುದು ನ್ಯಾಯವಲ್ಲ. ಗುಡ್ಡದ ಆ ಬದಿಯ ಮನೆಯವರ ಲೆಕ್ಕ ತಿರುಗುಮುರುಗು ಬರಬಹುದು. ಒಂದು ಕೊಟ್ಟಿಗೆಯ ಲೆಕ್ಕದಿಂದ ಆ ಕೊಟ್ಟಿಗೆಯ ಬಗ್ಗೆ ಮಾತ್ರ ಹೇಳಬಹುದು.

ಕಂಪನಿಯ ನಕ್ಷೆ ಮತ್ತು ಸರ್ಕಾರದ ಪರೀಕ್ಷೆ

2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್‌ನ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ತನ್ನ ವ್ಯಾಪ್ತಿಯ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. 2ಜಿ, 4ಜಿ, 5ಜಿ ಎಲ್ಲೆಲ್ಲಿ ಇದೆ ಎಂದು ಬಣ್ಣದಲ್ಲಿ ನೋಡಬಹುದು. ಸಿಮ್ ಕೊಳ್ಳುವ ಮೊದಲು ಇದನ್ನು ನೋಡಿ. ಆದರೆ ನಕ್ಷೆ ಹೇಳುವುದು ಬಯಲಿನಲ್ಲಿ ನಿಂತರೆ ಸಿಗಬಹುದಾದ ಸಿಗ್ನಲಿನ ಮಾತು. ನಿಮ್ಮ ಕೊಟ್ಟಿಗೆಯ ತಗಡು ಅದಕ್ಕೆ ಗೊತ್ತಿಲ್ಲ. ನಕ್ಷೆಯಲ್ಲಿ ಬಣ್ಣ ಇಲ್ಲದಿದ್ದರೆ ಆ ಸಿಮ್ ಬಿಡಿ. ಬಣ್ಣ ಇದ್ದರೆ ಪರೀಕ್ಷೆ ಮಾಡಿ.

ಟ್ರಾಯ್ ವಾಹನದಲ್ಲಿ ಉಪಕರಣವಿಟ್ಟು ನಗರ, ಹೆದ್ದಾರಿಗಳಲ್ಲಿ ಓಡಿಸಿ ಎಲ್ಲ ಕಂಪನಿಗಳನ್ನೂ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಪರೀಕ್ಷಿಸಿ ವರದಿ ಪ್ರಕಟಿಸುತ್ತದೆ. ಕ್ರಮ ನ್ಯಾಯವಾದದ್ದು. ನಾವು ಮೇಲೆ ಹೇಳಿದ್ದೂ ಅದನ್ನೇ. ಆದರೆ ಆ ವಾಹನ ನಿಮ್ಮ ತೋಟದ ದಾರಿಗೆ ಬಂದಿರಲಿಕ್ಕಿಲ್ಲ. ಹಾಗಾಗಿ ಹೆದ್ದಾರಿಯ ಫಲಿತಾಂಶವನ್ನು ಕೊಟ್ಟಿಗೆಗೆ ಅನ್ವಯಿಸಬೇಡಿ. ಯಾವ ಟವರು ಹತ್ತಿರದಲ್ಲಿದೆ ಎಂದು ತಿಳಿಯಲು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಎಂಬ ಜಾಲತಾಣವಿದೆ.

ಲೆಕ್ಕ ಮುಗಿದ ಮೇಲೆ ಏನು ಮಾಡಬೇಕು?

ಮೊದಲನೆಯದು, ದೂರು. ನಿಮ್ಮ ಕಂಪನಿಯ ಸಿಮ್ಮಿನಿಂದ 198ಕ್ಕೆ ಉಚಿತವಾಗಿ ಕರೆ ಮಾಡಿ ದಿನಾಂಕ, ಹೊತ್ತು, ಜಾಗ ಸಮೇತ ಹೇಳಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ತೃಪ್ತಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಮನವಿ ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನವಾಗಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ಬಗೆಹರಿಸುವುದಿಲ್ಲ ಎಂಬುದು ಗೊತ್ತಿರಲಿ. ಒಬ್ಬರು ಹೇಳುವುದಕ್ಕಿಂತ ಸಂಘದ ಹತ್ತು ಸದಸ್ಯರ ಹದಿನಾಲ್ಕು ದಿನದ ಪುಸ್ತಕಗಳನ್ನು ಸೇರಿಸಿ ಸಂಘದ ಲೆಟರ್‌ಹೆಡ್ಡಿನಲ್ಲಿ ಕಳಿಸಿದರೆ ಕಂಪನಿಯ ಎಂಜಿನಿಯರಿಗೂ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ.

ಎರಡನೆಯದು, ಕಂಪನಿ ಬದಲಾವಣೆ. ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರು ಬರೆದು 1900ಕ್ಕೆ ಎಸ್‌ಎಂಎಸ್ ಕಳಿಸಿ. ಬರುವ ಕೋಡನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಕೊಡಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಹೊಸ ನಂಬರು ಕೊಳ್ಳುವುದಕ್ಕಿಂತ ಇದೇ ಮೇಲು. ಹಾಲಿನ ಹಣ ಜಮೆಯಾಗುವ ಬ್ಯಾಂಕು, ಆಧಾರ್, ರಾಸು ವಿಮೆ, ಸಂಘದ ದಾಖಲೆ ಎಲ್ಲದರಲ್ಲೂ ಹಳೆಯ ನಂಬರೇ ಇದೆ. ಹಳೆಯ ಪ್ರಿಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ ಅದು ನಿಷ್ಕ್ರಿಯವಾಗಿ, ಮುಂದೆ ಬೇರೆ ಯಾರಿಗೋ ಹಂಚಿಕೆಯಾಗಬಹುದು. ನಿಮ್ಮ ಒಟಿಪಿ ಅವರಿಗೆ ಹೋಗುವಂತಾಗಬಾರದು. ಹಾಲಿನ ಹಣ ತುರ್ತಾಗಿ ಬೇಕಾದ ದಿನ, ಹಸು ಕರು ಹಾಕುವ ವಾರ ಪೋರ್ಟ್ ಮಾಡಿಸಬೇಡಿ. ಬದಲಾಗುವ ಹೊತ್ತಿನಲ್ಲಿ ಕೆಲ ಗಂಟೆ ಫೋನ್ ನಿಲ್ಲುತ್ತದೆ.

ಮೂರನೆಯದು, ಎರಡು ಸಿಮ್. ಮನೆಯಲ್ಲಿ ನಾಲ್ಕು ಫೋನಿದ್ದು ನಾಲ್ಕೂ ಒಂದೇ ಕಂಪನಿಯದಾದರೆ ಆ ಟವರು ನಿಂತ ರಾತ್ರಿ ನಾಲ್ಕೂ ನಿಲ್ಲುತ್ತವೆ. ಒಂದಾದರೂ ಬೇರೆ ಕಂಪನಿಯದಿರಲಿ.

ನಾಲ್ಕನೆಯದು, ವೈಫೈ ಕರೆ. ಮನೆಗೆ ಫೈಬರ್ ಇಂಟರ್‌ನೆಟ್ ಇದ್ದರೆ, ಕಂಪನಿ ಮತ್ತು ಫೋನ್ ಎರಡರಲ್ಲೂ ಸೌಲಭ್ಯವಿದ್ದರೆ, ವೈಫೈ ಕಾಲಿಂಗ್ ಚಾಲೂ ಮಾಡಿ. ಟವರು ಸಿಗದಿದ್ದರೂ ನಿಮ್ಮ ಮಾಮೂಲಿ ನಂಬರಿನಿಂದಲೇ ಕರೆ ಹೋಗುತ್ತದೆ. ಕರೆಂಟ್ ಹೋದಾಗ ರೂಟರಿಗೆ ಸಣ್ಣ ಬ್ಯಾಟರಿ ಬೇಕು.

ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆ ಮಾತ್ರ ತರಬೇಡಿ. ಅನುಮತಿಯಿಲ್ಲದೆ ಅದನ್ನು ಅಳವಡಿಸುವುದು ಕಾನೂನುಬಾಹಿರ. ನಿಮ್ಮ ಮನೆಗೆ ಸಿಗ್ನಲ್ ಬಂದರೂ ಇಡೀ ಊರಿನ ಟವರಿಗೆ ಅದು ಗದ್ದಲ ಎಬ್ಬಿಸುತ್ತದೆ. ಊರಿನ ಕೆರೆಗೆ ನಮ್ಮ ಕೊಟ್ಟಿಗೆಯ ಗಂಜಲ ಬಿಟ್ಟಂತೆ.

ಸಿಗ್ನಲ್ ಸಿಗದ ರಾತ್ರಿಗೆ

ಎಷ್ಟು ಅಳೆದರೂ ಕೆಲವು ಕಡೆ ಯಾವ ಕಂಪನಿಯೂ ಸಿಗುವುದಿಲ್ಲ. ಅಂಥ ಮನೆಗಳವರು ಹಸು ಗಬ್ಬದ ಕೊನೆಯ ತಿಂಗಳಿಗೆ ಬಂದಾಗಲೇ ತಯಾರಿರಬೇಕು. ಮನೆಯ ಸುತ್ತ ನಡೆದು −100ಕ್ಕಿಂತ ಒಳ್ಳೆಯ ಅಂಕಿ ಬರುವ ಜಾಗ ಹುಡುಕಿ, ಅಲ್ಲೊಂದು ಕಲ್ಲಿಗೆ ಸುಣ್ಣ ಬಳಿದಿಡಿ. ಕತ್ತಲಲ್ಲಿ ಮಕ್ಕಳೂ ಅಲ್ಲಿಗೇ ಓಡಬಹುದು. ಕರೆ ಹೋಗದಿದ್ದರೆ ಎಸ್‌ಎಂಎಸ್ ಕಳಿಸಿ. ಕರೆಗೆ ಸಾಲದ ಸಿಗ್ನಲಿನಲ್ಲೂ ಎಸ್‌ಎಂಎಸ್ ಹೋಗುವುದುಂಟು. ಅದರಲ್ಲಿ ನಿಮ್ಮ ಹೆಸರು, ಊರು, ಸಂಘ, ಕಿವಿಯೋಲೆಯ 12 ಅಂಕಿ, ಕರು ಹಾಕಿ ಎಷ್ಟು ದಿನ, ಎಷ್ಟು ಹೊತ್ತಿನಿಂದ ಮಲಗಿದೆ ಎಂದು ಬರೆಯಿರಿ. ಇಷ್ಟು ತಿಳಿದರೆ ಯಾವ ಔಷಧಿ ಹಿಡಿದು ಹೊರಡಬೇಕೆಂದು ನಮಗೆ ತಿಳಿಯುತ್ತದೆ.

ನಾವು ಬರುವವರೆಗೆ ನೆಲ ಹಿಡಿದ ಹಸುವನ್ನು ಒಂದೇ ಮಗ್ಗುಲಿಗೆ ಚಾಚಿ ಮಲಗಲು ಬಿಡಬೇಡಿ. ಎದೆಯ ಮೇಲೆ ಕೂರುವಂತೆ ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತರಿಸಿ. ಬಾಯಿಗೆ ನೀರು, ಗಂಜಿ, ಎಣ್ಣೆ ಹೊಯ್ಯಬೇಡಿ. ಹಾಲು ಜ್ವರದಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ನೀವೇ ನರಕ್ಕೆ ಏರಿಸಲು ಹೋಗಬೇಡಿ. ವೇಗ ಹೆಚ್ಚಾದರೆ ಹೃದಯ ನಿಲ್ಲಬಹುದು.

ನೆನಪಿಡಬೇಕಾದ ಅಂಶಗಳು

ಕಡ್ಡಿ ಅಲ್ಲ, ಅಂಕಿ ನೋಡಿ.
ಜಗಲಿಯಲ್ಲಿ ಅಲ್ಲ, ಕೊಟ್ಟಿಗೆಯಲ್ಲಿ ಪರೀಕ್ಷಿಸಿ.
ಒಂದೇ ಫೋನ್, ಒಂದೇ ಜಾಗ, ಒಂದೇ ಹೊತ್ತು, ಎರಡು ಸಿಮ್.
ಒಳ್ಳೆಯ ದಿನವನ್ನೂ ಕೆಟ್ಟ ದಿನವನ್ನೂ ಬರೆಯಿರಿ. ಕರೆಂಟ್ ಇಲ್ಲದ ಹೊತ್ತನ್ನು ಬಿಡಬೇಡಿ.
ಒಂದೆರಡು ಕರೆಯ ಅಂತರಕ್ಕೆ ಕಂಪನಿ ಬದಲಿಸಬೇಡಿ.

ಹದಿನಾಲ್ಕು ದಿನದ ಪುಸ್ತಕ ತುಂಬಿದ ಮೇಲೆ ಅದನ್ನು ಸಂಘದ ಸಭೆಗೆ ತನ್ನಿ. ಅಕ್ಕಪಕ್ಕದವರ ಪುಸ್ತಕದ ಜೊತೆ ಇಟ್ಟು ನೋಡಿ. ನಿಮ್ಮ ಹಳ್ಳಿಯ ಯಾವ ಕೇರಿಗೆ ಯಾವ ಸಿಮ್ ಆಗುತ್ತದೆ, ಯಾವ ಟವರು ಮಳೆಗಾಲದಲ್ಲಿ ಸೋಲುತ್ತದೆ ಎಂಬುದು ಆಗ ಯಾವ ಜಾಹೀರಾತಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಒಂದು ಪ್ರತಿಯನ್ನು ಕಾರ್ಯದರ್ಶಿಯವರ ಬಳಿ ಇಡಿ. ನಿಮ್ಮ ಊರಿಗೆ ಬಂದಾಗ ನಮಗೂ ತೋರಿಸಿ. ಯಾರ ಮನೆಯಿಂದ ಯಾವ ನಂಬರಿನಲ್ಲಿ ಕರೆ ಬರುತ್ತದೆ, ಯಾರಿಗೆ ತಿರುಗಿ ಯಾವ ನಂಬರಿಗೆ ಮಾಡಿದರೆ ಸಿಗುತ್ತಾರೆ ಎಂಬುದು ನಮ್ಮ ಡೈರಿಯಲ್ಲೂ ಇರಬೇಕು.